ಗಣಕಯಂತ್ರದ ಮಾಹಿತಿ ರವಾನೆ ಮತ್ತು ಬಳಕೆದಾರನ ಸಮ್ಮತಿ

(ಭಾಷಣದ ಪೂರ್ಣಪಾಠ)



ಗಣಕಯಂತ್ರವು ದೊಡ್ಡ ಕಚೇರಿಗಳಲ್ಲಿ ಮಾತ್ರ ಕಾಣಸಿಗುವ ವಸ್ತುವಾಗಿ ಇಂದು ಉಳಿದಿಲ್ಲ. ಮುಂಬಯಿಯ ಉಪಾಹಾರಗೃಹದ ಗಲ್ಲಾಪೆಟ್ಟಿಗೆಯ ಬದಿಯಲ್ಲಿ, ಪುಣೆಯ ವಿದ್ಯಾರ್ಥಿಯ ಮೇಜಿನ ಮೇಲೆ, ಚೆನ್ನೈಯ ವಕೀಲರ ಕೊಠಡಿಯಲ್ಲಿ, ದೆಹಲಿಯ ನಿವೃತ್ತ ನೌಕರರ ಮನೆಯಲ್ಲಿ ಅದು ನಿತ್ಯೋಪಯೋಗಿ ಸಾಧನವಾಗಿದೆ. ಅದರಲ್ಲಿ ವ್ಯಾಪಾರದ ಲೆಕ್ಕವಿದೆ, ಕಕ್ಷಿದಾರರ ಅಹವಾಲಿದೆ, ವೈದ್ಯಕೀಯ ವರದಿಯಿದೆ, ಕುಟುಂಬದ ಛಾಯಾಚಿತ್ರಗಳಿವೆ. ಬೀರುವಿನಲ್ಲಿಟ್ಟು ಬೀಗ ಹಾಕಿದ ಕಾಗದಪತ್ರಗಳಂತೆಯೇ ಇವೂ ತನ್ನವು ಎಂದು ಬಳಕೆದಾರನು ಭಾವಿಸುತ್ತಾನೆ.

ಆದರೆ ಬೀರು ತನ್ನ ಬಾಗಿಲು ಎಷ್ಟು ಸಲ ತೆರೆಯಿತು ಎಂಬುದನ್ನು ತನ್ನನ್ನು ತಯಾರಿಸಿದವನಿಗೆ ತಿಳಿಸುವುದಿಲ್ಲ. ಗಣಕಯಂತ್ರವಾದರೋ ತಿಳಿಸುತ್ತದೆ. ಯಂತ್ರವನ್ನು ನಡೆಸುವ ಮೂಲ ತಂತ್ರಾಂಶಕ್ಕೆ, ಅಂದರೆ ಕಾರ್ಯಾಚರಣ ವ್ಯವಸ್ಥೆಗೆ, ಅಂತರಜಾಲದ ಮೂಲಕ ತನ್ನ ತಯಾರಕ ಸಂಸ್ಥೆಯೊಡನೆ ನಿರಂತರ ಸಂಪರ್ಕವಿರುತ್ತದೆ. ಈ ಸಂಪರ್ಕದಲ್ಲಿ ಯಾವುದು ಅವಶ್ಯಕ, ಯಾವುದು ಅನವಶ್ಯಕ, ಅನವಶ್ಯಕವಾದುದನ್ನು ಸಾಮಾನ್ಯ ಬಳಕೆದಾರನು ಹೇಗೆ ತಡೆಯಬಹುದು, ತಡೆಯುವಾಗ ಯಾವ ಎಚ್ಚರ ವಹಿಸಬೇಕು ಎಂಬುದೇ ಇಂದಿನ ವಿಷಯ.

ದೂರಮಾಪನ ಎಂದರೇನು?

ಈ ಕ್ರಿಯೆಗೆ ತಂತ್ರಜ್ಞರು ಬಳಸುವ ಹೆಸರು ಟೆಲಿಮೆಟ್ರಿ. ಗ್ರೀಕ್ ಮೂಲದ ಈ ಪದಕ್ಕೆ ದೂರದಿಂದ ಅಳೆಯುವುದು ಎಂದರ್ಥ. ಕನ್ನಡದಲ್ಲಿ ಇದನ್ನು ದೂರಮಾಪನ ಎನ್ನಬಹುದು. ಹವಾಮಾನ ಇಲಾಖೆಯ ಬಲೂನು ಆಕಾಶಕ್ಕೇರಿ ಉಷ್ಣತೆ ಮತ್ತು ಒತ್ತಡದ ವಿವರಗಳನ್ನು ರೇಡಿಯೋ ಮೂಲಕ ನೆಲಕ್ಕೆ ಕಳುಹಿಸುವುದು ದೂರಮಾಪನವೇ. ಉಪಗ್ರಹವು ತನ್ನ ಬ್ಯಾಟರಿಯ ಸ್ಥಿತಿಯನ್ನು ಭೂಕೇಂದ್ರಕ್ಕೆ ವರದಿ ಮಾಡುವುದೂ ಅದೇ. ಅಲ್ಲಿ ಅಳೆಯಲ್ಪಡುವುದು ಗಾಳಿ ಅಥವಾ ಯಂತ್ರ. ಗಣಕಯಂತ್ರದ ವಿಷಯದಲ್ಲಿ ಯಂತ್ರದ ಜೊತೆಗೆ ಅದನ್ನು ಬಳಸುವ ಮನುಷ್ಯನ ನಡವಳಿಕೆಯೂ ಅಳತೆಗೆ ಒಳಪಡುತ್ತದೆ. ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ದೂರಮಾಪನದಿಂದ ಪ್ರಯೋಜನವಿಲ್ಲವೆಂದು ಹೇಳುವಂತಿಲ್ಲ. ಕೋಟ್ಯಂತರ ಯಂತ್ರಗಳಲ್ಲಿ ಓಡುವ ತಂತ್ರಾಂಶದಲ್ಲಿ ದೋಷ ಎಲ್ಲಿದೆ, ಯಾವ ಮುದ್ರಕದೊಡನೆ ಅದು ಹೊಂದಿಕೊಳ್ಳುತ್ತಿಲ್ಲ, ಹೊಸ ಪರಿಷ್ಕರಣೆಯನ್ನು ಅಳವಡಿಸಿದ ಮೇಲೆ ಎಷ್ಟು ಯಂತ್ರಗಳು ಸ್ಥಗಿತಗೊಂಡವು ಎಂಬುದನ್ನು ತಯಾರಕರು ಅರಿಯಲು ಇದು ಸಹಾಯಕ. ಸಂಸ್ಕಾರಕದ ಬಗೆ, ಸ್ಮೃತಿಯ ಪ್ರಮಾಣ, ವ್ಯವಸ್ಥೆಯ ಆವೃತ್ತಿ ಮುಂತಾದ ವಿವರಗಳು ಈ ವರ್ಗಕ್ಕೆ ಸೇರುತ್ತವೆ.

ಇದಕ್ಕೂ ಮೀರಿದ ವರ್ಗವೊಂದಿದೆ. ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ವಿಂಡೋಸ್ ವ್ಯವಸ್ಥೆಯಲ್ಲಿ ಐಚ್ಛಿಕ ಎಂದು ಕರೆದಿರುವ ದತ್ತಾಂಶದಲ್ಲಿ, ಬಳಕೆದಾರನು ಆ ಸಂಸ್ಥೆಯ ಬ್ರೌಸರಿನಲ್ಲಿ ನೋಡಿದ ಜಾಲತಾಣಗಳು ಮತ್ತು ಅನ್ವಯಿಕ ತಂತ್ರಾಂಶಗಳನ್ನು ಬಳಸಿದ ರೀತಿ ಸೇರಿವೆ. ಯಂತ್ರವು ಹಠಾತ್ತನೆ ಸ್ಥಗಿತಗೊಂಡರೆ ಆ ಕ್ಷಣದಲ್ಲಿ ಅದರ ಸ್ಮೃತಿಯಲ್ಲಿದ್ದ ಅಂಶಗಳೂ ದೋಷವರದಿಯೊಂದಿಗೆ ಹೋಗಬಹುದು. ಹಾಗೆ ಹೋಗುವಾಗ ಬಳಕೆದಾರನು ತೆರೆದಿಟ್ಟಿದ್ದ ಕಡತದ ಭಾಗಗಳು ಉದ್ದೇಶವಿಲ್ಲದೆಯೇ ಅದರಲ್ಲಿ ಸೇರಿಹೋಗುವ ಸಂಭವವಿದೆಯೆಂದು ಆ ಸಂಸ್ಥೆಯೇ ತನ್ನ ಗೋಪ್ಯತಾ ಹೇಳಿಕೆಯಲ್ಲಿ ತಿಳಿಸಿದೆ. ಕಕ್ಷಿದಾರನ ಗುಟ್ಟನ್ನು ಕಾಯಬೇಕಾದ ವಕೀಲನಿಗೆ, ರೋಗಿಯ ವಿವರಗಳನ್ನು ಬರೆದಿಡುವ ವೈದ್ಯನಿಗೆ ಈ ಒಂದು ಮಾತು ಸಾಕಷ್ಟು ಗಂಭೀರವಾದುದು.

2015ರಿಂದ ನಡೆದು ಬಂದದ್ದು

ಈ ಪ್ರಶ್ನೆ ಸಾರ್ವಜನಿಕ ಚರ್ಚೆಗೆ ವ್ಯಾಪಕವಾಗಿ ಬಂದದ್ದು 2015ರಲ್ಲಿ. ಆ ವರ್ಷದ ಜುಲೈ 29ರಂದು ವಿಂಡೋಸ್ 10 ಬಿಡುಗಡೆಯಾಯಿತು. ಹಿಂದಿನ ವಿಂಡೋಸ್ 7 ಮತ್ತು 8.1 ಬಳಸುತ್ತಿದ್ದವರಿಗೆ ಒಂದು ವರ್ಷದ ಅವಧಿಯವರೆಗೆ ಅದನ್ನು ಉಚಿತವಾಗಿ ನೀಡಲಾಯಿತು. ಹೊಸ ವ್ಯವಸ್ಥೆಯನ್ನು ಅಳವಡಿಸುವಾಗ ಶೀಘ್ರ ವಿಧಾನವನ್ನು ಆರಿಸಿಕೊಂಡವರ ಯಂತ್ರದಲ್ಲಿ ಮಾಹಿತಿ ಸಂಗ್ರಹಣೆಯ ಬಹುತೇಕ ಆಯ್ಕೆಗಳು ತಾವಾಗಿಯೇ ಚಾಲನೆಗೊಳ್ಳುತ್ತಿದ್ದವು. ಅದೇ ವರ್ಷ ಹಳೆಯ ವಿಂಡೋಸ್ 7 ಮತ್ತು 8.1ಕ್ಕೂ ಪರಿಷ್ಕರಣೆಗಳ ಮೂಲಕ ಇದೇ ಬಗೆಯ ದೂರಮಾಪನ ಸೇವೆಯನ್ನು ಸೇರಿಸಲಾಯಿತು. ಬೇಡವೆನ್ನಲು ಮನೆಬಳಕೆಯ ಆವೃತ್ತಿಗಳಲ್ಲಿ ಪೂರ್ಣ ಅವಕಾಶವಿರಲಿಲ್ಲ. ಅತ್ಯಂತ ಕೆಳಗಿನ ಹಂತವು ದೊಡ್ಡ ಉದ್ಯಮಗಳಿಗೂ ಶಿಕ್ಷಣ ಸಂಸ್ಥೆಗಳಿಗೂ ಮಾರುವ ಆವೃತ್ತಿಗಳಿಗೆ ಮೀಸಲಾಗಿತ್ತು.

ಫ್ರಾನ್ಸ್ ದೇಶದ ಮಾಹಿತಿ ಸಂರಕ್ಷಣಾ ಪ್ರಾಧಿಕಾರವಾದ ಸಿಎನ್‌ಐಎಲ್ ಇದನ್ನು ಪರಿಶೀಲಿಸಿ, 2016ರ ಜುಲೈ 20ರಂದು ತನ್ನ ನೋಟೀಸನ್ನು ಬಹಿರಂಗಪಡಿಸಿತು. ಬಳಕೆದಾರನು ಯಾವ ತಂತ್ರಾಂಶಗಳನ್ನು ಅಳವಡಿಸಿಕೊಂಡಿದ್ದಾನೆ, ಪ್ರತಿಯೊಂದರಲ್ಲಿ ಎಷ್ಟು ಹೊತ್ತು ಕಳೆಯುತ್ತಾನೆ ಎಂಬ ವಿವರಗಳು ಸೇವೆಯ ನಿರ್ವಹಣೆಗೆ ಅವಶ್ಯಕವಲ್ಲ. ಅವನ್ನು ಸಂಗ್ರಹಿಸುವುದು ಮಿತಿಮೀರಿದ ಕ್ರಮ ಎಂದು ಅದು ಹೇಳಿತು. ಜಾಹೀರಾತುಗಳಿಗಾಗಿ ಪ್ರತಿ ಬಳಕೆದಾರನಿಗೂ ಒಂದು ಗುರುತು ಸಂಖ್ಯೆಯನ್ನು ಆತನ ಸಮ್ಮತಿಯಿಲ್ಲದೆ ನೀಡುವುದನ್ನೂ ಅದು ಆಕ್ಷೇಪಿಸಿ, ಸರಿಪಡಿಸಲು ಮೂರು ತಿಂಗಳ ಗಡುವು ನೀಡಿತು.

ಪರಿಣಾಮ ಗಮನಾರ್ಹವಾಗಿತ್ತು. 2017ರ ಏಪ್ರಿಲಿನ ಪರಿಷ್ಕರಣೆಯಲ್ಲಿ ಶೀಘ್ರ ವಿಧಾನದ ಬದಲು, ಪ್ರತಿಯೊಂದು ಆಯ್ಕೆಯನ್ನೂ ಪ್ರತ್ಯೇಕವಾಗಿ ತೋರಿಸುವ ಪರದೆಯನ್ನು ಅಳವಡಿಸಲಾಯಿತು. ಮೂಲ ಹಂತದಲ್ಲಿ ಸಂಗ್ರಹಿಸುವ ದತ್ತಾಂಶಗಳ ಪಟ್ಟಿಯನ್ನು ಕಂಪನಿಯು ಮೊದಲ ಬಾರಿಗೆ ಪ್ರಕಟಿಸಿತು. ಆ ಹಂತದ ಸಂಗ್ರಹಣೆಯ ಪ್ರಮಾಣವು ಹೆಚ್ಚುಕಡಿಮೆ ಅರ್ಧದಷ್ಟು ತಗ್ಗಿದೆಯೆಂದು ದಾಖಲಿಸಿ ಫ್ರಾನ್ಸಿನ ಪ್ರಾಧಿಕಾರವು 2017ರ ಜೂನ್‌ನಲ್ಲಿ ತನ್ನ ನೋಟೀಸನ್ನು ಮುಕ್ತಾಯಗೊಳಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ನೆದರ್‌ಲೆಂಡ್ಸ್ ದೇಶದ ಪ್ರಾಧಿಕಾರವು, ಏನನ್ನು ಯಾವ ಉದ್ದೇಶಕ್ಕೆ ಸಂಗ್ರಹಿಸಲಾಗುತ್ತಿದೆ ಎಂಬುದನ್ನು ಸ್ಪಷ್ಟವಾಗಿ ತಿಳಿಸದ ಕಾರಣ ಬಳಕೆದಾರರ ಸಮ್ಮತಿಯು ಊರ್ಜಿತವಲ್ಲವೆಂದು ಅಭಿಪ್ರಾಯಪಟ್ಟಿತು. 2018ರಲ್ಲಿ, ಯಂತ್ರದಿಂದ ಹೊರಗೆ ಹೋಗುವ ದತ್ತಾಂಶವನ್ನು ಬಳಕೆದಾರನೇ ನೋಡಬಹುದಾದ ವೀಕ್ಷಣಾ ಸಾಧನವೊಂದನ್ನು ವಿಂಡೋಸ್‌ಗೆ ಒದಗಿಸಲಾಯಿತು.

ಈ ದೋಷ ಒಂದೇ ಕಂಪನಿಯದೆಂದು ತಿಳಿಯುವುದು ಸರಿಯಲ್ಲ. ಮುಕ್ತ ತಂತ್ರಾಂಶವೆಂದು ಹೆಸರಾದ ಉಬುಂಟು ವ್ಯವಸ್ಥೆಯ 2012ರ ಅಕ್ಟೋಬರಿನ ಆವೃತ್ತಿಯಲ್ಲಿ, ಬಳಕೆದಾರನು ತನ್ನದೇ ಯಂತ್ರದಲ್ಲಿ ಕಡತ ಹುಡುಕಲು ಟೈಪು ಮಾಡಿದ ಪದಗಳು ಹೊರಗಿನ ಸರ್ವರ್‌ಗೆ ಹೋಗಿ, ಅಮೆಜಾನ್ ಸಂಸ್ಥೆಯ ಸರಕುಗಳು ಪರದೆಯ ಮೇಲೆ ಕಾಣಿಸುತ್ತಿದ್ದವು. ಬಳಕೆದಾರರಿಂದ ತೀವ್ರ ಪ್ರತಿಭಟನೆ ಬಂದಿತು. 2016ರ ಏಪ್ರಿಲಿನ ಆವೃತ್ತಿಯಲ್ಲಿ ಈ ಸೌಲಭ್ಯವನ್ನು ಆರಂಭದಿಂದಲೇ ನಿಲ್ಲಿಸಿಡಲಾಯಿತು. 2020ರ ನವೆಂಬರ್ 12ರಂದು ಆಪಲ್ ಸಂಸ್ಥೆಯ ಸರ್ವರ್ ಒಂದು ತೊಂದರೆಗೊಳಗಾದಾಗ ಮ್ಯಾಕ್ ಗಣಕಯಂತ್ರಗಳಲ್ಲಿ ತಂತ್ರಾಂಶಗಳು ತೆರೆಯಲು ತಡವಾಗತೊಡಗಿತು. ತಂತ್ರಾಂಶವನ್ನು ತೆರೆಯುವಾಗ ಯಂತ್ರವು ಅದರ ಪ್ರಮಾಣಪತ್ರದ ಪರಿಶೀಲನೆಗಾಗಿ ತಯಾರಕರನ್ನು ಸಂಪರ್ಕಿಸುತ್ತದೆ ಎಂಬ ಸಂಗತಿ ಆಗ ಹಲವರ ಗಮನಕ್ಕೆ ಬಂದಿತು. ಟೀಕೆಯ ನಂತರ, ಆ ಪರಿಶೀಲನೆಯ ವೇಳೆ ಬಳಕೆದಾರರ ಐಪಿ ವಿಳಾಸಗಳನ್ನು ದಾಖಲಿಸುವುದನ್ನು ನಿಲ್ಲಿಸಿರುವುದಾಗಿ ಸಂಸ್ಥೆ ತಿಳಿಸಿತು.

ಈ ಮೂರೂ ಪ್ರಸಂಗಗಳಿಂದ ತಿಳಿದುಬರುವ ಅಂಶ ಒಂದೇ. ಬಳಕೆದಾರರು ಪ್ರಶ್ನಿಸಿದಾಗ ತಯಾರಕರು ಬದಲಾಗಿದ್ದಾರೆ.

ಬಳಕೆದಾರನು ಕೈಗೊಳ್ಳಬಹುದಾದ ಕ್ರಮಗಳು

ಸಾಮಾನ್ಯ ಬಳಕೆದಾರನು ವಿಶೇಷ ತಾಂತ್ರಿಕ ಜ್ಞಾನವಿಲ್ಲದೆ, ಕೆಲವೇ ನಿಮಿಷಗಳಲ್ಲಿ ಮಾಡಿಕೊಳ್ಳಬಹುದಾದ ಬದಲಾವಣೆಗಳು ಹಲವಿವೆ. ವಿಂಡೋಸ್ 11ರಲ್ಲಿ ‘ಸೆಟ್ಟಿಂಗ್ಸ್’ ತೆರೆದು ‘ಪ್ರೈವಸಿ ಅಂಡ್ ಸೆಕ್ಯುರಿಟಿ’ ಎಂಬ ವಿಭಾಗಕ್ಕೆ ಹೋಗಬೇಕು. ವಿಂಡೋಸ್ 10ರಲ್ಲಿ ಈ ವಿಭಾಗದ ಹೆಸರು ‘ಪ್ರೈವಸಿ’. ಇಂಗ್ಲಿಷ್ ಪರದೆ ಕಷ್ಟವೆನಿಸುವವರು ಭಾಷೆಯ ಆಯ್ಕೆಯಲ್ಲಿ ಕನ್ನಡವನ್ನು ಸೇರಿಸಿಕೊಂಡು ಪರದೆಯ ಬಹಳಷ್ಟು ಭಾಗವನ್ನು ಕನ್ನಡದಲ್ಲೇ ಓದಬಹುದು.

ಮೊದಲನೆಯದಾಗಿ, ‘ಡಯಾಗ್ನಾಸ್ಟಿಕ್ಸ್ ಅಂಡ್ ಫೀಡ್‌ಬ್ಯಾಕ್’ ಎಂಬಲ್ಲಿ ಐಚ್ಛಿಕ ದತ್ತಾಂಶದ ರವಾನೆಯನ್ನು ನಿಲ್ಲಿಸಬೇಕು. ಜಾಲತಾಣಗಳ ವಿವರ, ತಂತ್ರಾಂಶ ಬಳಕೆಯ ವಿವರ, ಸ್ಮೃತಿಯ ಅಂಶಗಳನ್ನೊಳಗೊಂಡ ದೋಷವರದಿ ಇವೆಲ್ಲ ಈ ಐಚ್ಛಿಕ ವರ್ಗಕ್ಕೆ ಸೇರಿರುವುದರಿಂದ, ಈ ಒಂದು ಬದಲಾವಣೆಯೇ ಅತ್ಯಂತ ಮಹತ್ವದ್ದು. ಅವಶ್ಯಕ ಎಂಬ ಹಂತವು ಮಾತ್ರ ಉಳಿದುಕೊಳ್ಳುತ್ತದೆ.

ಎರಡನೆಯದಾಗಿ, ಅದೇ ವಿಭಾಗದಲ್ಲಿ ಬರವಣಿಗೆ ಮತ್ತು ಟೈಪಿಂಗ್ ಸುಧಾರಣೆಗಾಗಿ ಮಾದರಿಗಳನ್ನು ಕಳುಹಿಸುವ ಆಯ್ಕೆಯನ್ನೂ, ದೋಷನಿದಾನ ದತ್ತಾಂಶದ ಆಧಾರದ ಮೇಲೆ ಸಲಹೆ ಮತ್ತು ಜಾಹೀರಾತು ನೀಡುವ ಆಯ್ಕೆಯನ್ನೂ ನಿಲ್ಲಿಸಬಹುದು. ಈಗಾಗಲೇ ಸಂಗ್ರಹಿಸಲಾದ ದತ್ತಾಂಶವನ್ನು ಅಳಿಸುವಂತೆ ಕೋರುವ ಗುಂಡಿಯೂ ಅಲ್ಲಿದೆ. ಮೈಕ್ರೋಸಾಫ್ಟ್ ಖಾತೆ ಹೊಂದಿರುವವರು ಆ ಖಾತೆಯ ಗೋಪ್ಯತಾ ಪುಟದಲ್ಲಿ ಪ್ರತ್ಯೇಕವಾಗಿ ಪರಿಶೀಲಿಸಬೇಕಾಗುತ್ತದೆ.

ಮೂರನೆಯದಾಗಿ, ಜಾಹೀರಾತು ಗುರುತು ಸಂಖ್ಯೆ. ಇದು ‘ಜನರಲ್’ ಎಂಬ ಶೀರ್ಷಿಕೆಯಡಿ ಇದೆ. ಇತ್ತೀಚಿನ ಆವೃತ್ತಿಗಳಲ್ಲಿ ‘ರೆಕಮೆಂಡೇಷನ್ಸ್ ಅಂಡ್ ಆಫರ್ಸ್’ ಎಂಬಲ್ಲಿಗೆ ವರ್ಗವಾಗಿದೆ. ಇದನ್ನು ನಿಲ್ಲಿಸಿದರೆ ಜಾಹೀರಾತುಗಳು ನಿಲ್ಲುವುದಿಲ್ಲ. ಅವು ವ್ಯಕ್ತಿಯ ಅಭಿರುಚಿಯನ್ನು ಹಿಂಬಾಲಿಸುವುದು ಕಡಿಮೆಯಾಗುತ್ತದೆ.

ನಾಲ್ಕನೆಯದಾಗಿ, ಸ್ಥಳ, ಕ್ಯಾಮೆರಾ, ಮೈಕ್ರೋಫೋನ್ ಇವುಗಳನ್ನು ಬಳಸಲು ಯಾವ ತಂತ್ರಾಂಶಗಳಿಗೆ ಅನುಮತಿ ದೊರೆತಿದೆಯೆಂಬ ಪಟ್ಟಿಯನ್ನು ಓದಿ, ಅಗತ್ಯವಿಲ್ಲದವುಗಳಿಗೆ ಅನುಮತಿಯನ್ನು ಹಿಂತೆಗೆದುಕೊಳ್ಳಬೇಕು. ಲೆಕ್ಕ ಬರೆಯುವ ತಂತ್ರಾಂಶಕ್ಕೆ ಮೈಕ್ರೋಫೋನಿನ ಅವಶ್ಯಕತೆ ಇರಲಾರದು.

ಐದನೆಯದಾಗಿ, ಯಂತ್ರದಿಂದ ಹೊರಹೋಗುತ್ತಿರುವುದೇನು ಎಂಬ ಕುತೂಹಲವುಳ್ಳವರು ಮೇಲೆ ಹೇಳಿದ ವೀಕ್ಷಣಾ ಸಾಧನವನ್ನು ಅಳವಡಿಸಿಕೊಂಡು ನೋಡಬಹುದು. ಅಲ್ಲಿ ಕಾಣುವ ಭಾಷೆ ತಂತ್ರಜ್ಞರದು. ಆದರೂ ರವಾನೆಯ ವ್ಯಾಪ್ತಿಯ ಕಲ್ಪನೆ ಅದರಿಂದ ದೊರೆಯುತ್ತದೆ.

ಇಷ್ಟರಿಂದ ರವಾನೆಯು ಪೂರ್ಣವಾಗಿ ನಿಲ್ಲುತ್ತದೆಯೇ ಎಂದು ಕೇಳಿದರೆ, ಇಲ್ಲವೆಂದೇ ಹೇಳಬೇಕು. ದೂರಮಾಪನವನ್ನು ಶೂನ್ಯಕ್ಕಿಳಿಸುವ ನೀತಿಸೂತ್ರವೊಂದು ವ್ಯವಸ್ಥೆಯೊಳಗಿದೆ. ಆದರೆ ಉದ್ಯಮ, ಶಿಕ್ಷಣ ಮತ್ತು ಸರ್ವರ್ ಆವೃತ್ತಿಗಳು ಮಾತ್ರ ಅದನ್ನು ಪಾಲಿಸುತ್ತವೆ. ಮನೆಬಳಕೆಯ ಆವೃತ್ತಿಯಲ್ಲಿ ಶೂನ್ಯವೆಂದು ನಮೂದಿಸಿದರೂ ಅವಶ್ಯಕ ಹಂತವೆಂದೇ ಅದು ಪರಿಗಣಿಸುತ್ತದೆ. ಜರ್ಮನಿಯ ಮಾಹಿತಿ ಸುರಕ್ಷತಾ ಸಂಸ್ಥೆಯಾದ ಬಿಎಸ್‌ಐ 2018ರ ನವೆಂಬರಿನಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಈ ರವಾನೆಯನ್ನು ಸಂಪೂರ್ಣವಾಗಿ ತಡೆಯುವುದು ತಾಂತ್ರಿಕವಾಗಿ ಸಾಧ್ಯವಾದರೂ ಸಾಮಾನ್ಯ ಬಳಕೆದಾರರಿಗೆ ಕಷ್ಟಸಾಧ್ಯವೆಂದು ತಿಳಿಸಿತು.

ಅತಿಯಾದ ತಡೆಯಿಂದಾಗುವ ಅಪಾಯ

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯಕ. ರವಾನೆಯನ್ನು ಬೇರುಸಹಿತ ಕಿತ್ತುಹಾಕಬೇಕೆಂಬ ಉತ್ಸಾಹದಲ್ಲಿ ಕೆಲವರು ಸುರಕ್ಷತಾ ಪರಿಷ್ಕರಣೆಗಳನ್ನೇ ನಿಲ್ಲಿಸಿಬಿಡುತ್ತಾರೆ. ಇದು ಇಣುಕುವವನನ್ನು ತಡೆಯಲು ಹೋಗಿ ಕಳ್ಳನಿಗೆ ಬಾಗಿಲು ತೆರೆದಿಟ್ಟಂತೆ. ಪರಿಷ್ಕರಣೆ ಇಲ್ಲದ ಯಂತ್ರವು ಹಣ ಸುಲಿಯುವ ದುಷ್ಟ ತಂತ್ರಾಂಶಗಳಿಗೆ ಸುಲಭವಾಗಿ ಬಲಿಯಾಗುತ್ತದೆ. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿರುವುದನ್ನೂ ಬಳಕೆದಾರರು ಗಮನದಲ್ಲಿಡಬೇಕು.

ಇನ್ನು ಕೆಲವರು ‘ಹೋಸ್ಟ್ಸ್’ ಎಂಬ ಕಡತದ ಮೊರೆ ಹೋಗುತ್ತಾರೆ. ಇದನ್ನು ಗಣಕಯಂತ್ರದೊಳಗಿನ ವಿಳಾಸ ಪುಸ್ತಕವೆನ್ನಬಹುದು. ದೂರಮಾಪನ ಸರ್ವರ್‌ಗಳ ಹೆಸರಿನ ಎದುರು ಎಲ್ಲಿಗೂ ತಲುಪದ ವಿಳಾಸವನ್ನು ಬರೆದರೆ ಸಂಪರ್ಕ ಕಡಿಯುತ್ತದೆಂಬುದು ಇದರ ತತ್ತ್ವ. ಆದರೆ ವಿಂಡೋಸ್ ತನ್ನ ಕೆಲವು ವಿಳಾಸಗಳ ವಿಷಯದಲ್ಲಿ ಈ ಪುಸ್ತಕವನ್ನು ನೋಡುವುದೇ ಇಲ್ಲ. 2020ರಲ್ಲಿ ವಿಂಡೋಸ್‌ನ ಸುರಕ್ಷತಾ ತಂತ್ರಾಂಶವು ಹೀಗೆ ಬದಲಾಯಿಸಿದ ಕಡತವನ್ನು ಗಂಭೀರ ಅಪಾಯವೆಂದು ಸೂಚಿಸತೊಡಗಿತು. ಮನೆಯ ರೂಟರ್ ಹಂತದಲ್ಲಿ ವಿಳಾಸಗಳನ್ನು ತಡೆಯುವುದು ಇದಕ್ಕಿಂತ ಪರಿಣಾಮಕಾರಿ. ಆದರೆ ತಪ್ಪಾದ ವಿಳಾಸವನ್ನು ತಡೆದರೆ ಪರಿಷ್ಕರಣೆ, ವೈರಸ್ ನಿರೋಧಕ ಮಾಹಿತಿ ಮುಂತಾದವುಗಳಿಗೂ ಧಕ್ಕೆಯಾಗುತ್ತದೆ. ವ್ಯವಸ್ಥೆಯ ಯಾವ ಭಾಗವು ಯಾವ ಸರ್ವರನ್ನು ಸಂಪರ್ಕಿಸುತ್ತದೆ ಎಂಬ ಪಟ್ಟಿಯನ್ನು ತಯಾರಕ ಸಂಸ್ಥೆಯೇ ಸಂಸ್ಥೆಗಳ ಅನುಕೂಲಕ್ಕಾಗಿ ಪ್ರಕಟಿಸಿದೆ. ಅದನ್ನು ಓದಬಲ್ಲ ತಂತ್ರಜ್ಞರ ನೆರವಿಲ್ಲದೆ ಈ ಕೆಲಸಕ್ಕೆ ಕೈಹಾಕುವುದು ಉಚಿತವಲ್ಲ.

ಒಂದೇ ಗುಂಡಿ ಒತ್ತಿದರೆ ಎಲ್ಲವನ್ನೂ ತಡೆಯುತ್ತೇವೆಂದು ಹೇಳುವ ಉಚಿತ ತಂತ್ರಾಂಶಗಳೂ ಅಂತರಜಾಲದಲ್ಲಿ ದೊರೆಯುತ್ತವೆ. ಇಂತಹವು ಯಂತ್ರದ ಸಂಪೂರ್ಣ ಅಧಿಕಾರವನ್ನು ಕೇಳುತ್ತವೆ. ಪರಿಚಿತ ಕಂಪನಿಗೆ ಸ್ವಲ್ಪ ಮಾಹಿತಿ ಹೋಗುವುದನ್ನು ತಪ್ಪಿಸಲು ಅಪರಿಚಿತನ ಕೈಗೆ ಮನೆಯ ಬೀಗದ ಕೈಯನ್ನೇ ಕೊಡುವುದು ಜಾಣತನವಲ್ಲ.

ದೂರಮಾಪನವನ್ನು ತತ್ತ್ವತಃ ಒಪ್ಪದವರಿಗೆ ಮತ್ತೊಂದು ಮಾರ್ಗವಿದೆ. ಮೂಲಸಂಕೇತವನ್ನು ಯಾರು ಬೇಕಾದರೂ ಪರಿಶೀಲಿಸಬಹುದಾದ ಲಿನಕ್ಸ್ ಆಧಾರಿತ ವ್ಯವಸ್ಥೆಗಳು ಉಚಿತವಾಗಿ ಲಭ್ಯವಿವೆ. ಭಾರತ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯು ಚೆನ್ನೈಯಲ್ಲಿ ಅಭಿವೃದ್ಧಿಪಡಿಸಿದ ‘ಬಾಸ್’, ಅಂದರೆ ಭಾರತ್ ಆಪರೇಟಿಂಗ್ ಸಿಸ್ಟಂ ಸೊಲ್ಯೂಷನ್ಸ್, ಇವುಗಳಲ್ಲೊಂದು. ಅದರಲ್ಲಿ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಸೌಲಭ್ಯವಿದೆ. ಆದರೆ ನಿತ್ಯದ ಕೆಲಸಕ್ಕೆ ಬೇಕಾದ ತಂತ್ರಾಂಶಗಳು ಅದರಲ್ಲಿ ನಡೆಯುತ್ತವೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕು. ಉಬುಂಟು ಪ್ರಸಂಗವು ತೋರಿಸಿಕೊಟ್ಟಂತೆ, ಮುಕ್ತ ತಂತ್ರಾಂಶದಲ್ಲಿಯೂ ಬಳಕೆದಾರನ ಜಾಗೃತಿ ಬೇಕೇ ಬೇಕು.

ಕಾನೂನಿನ ಆಸರೆ

ಗುಂಡಿ ಒತ್ತುವುದರಿಂದ ನಿಲ್ಲದೆ ಉಳಿಯುವ ಭಾಗಕ್ಕೆ ಕಾನೂನಿನ ಆಸರೆ ಬೇಕಾಗುತ್ತದೆ. ಈ ನಿಟ್ಟಿನಲ್ಲಿ ಭಾರತದ ಇತಿಹಾಸದಲ್ಲಿ ಕನ್ನಡ ನಾಡಿನ ಹಿರಿಯರೊಬ್ಬರ ಹೆಸರು ಸ್ಥಿರವಾಗಿ ನಿಂತಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯ ಸಂಬಂಧವಾಗಿ 2012ರಲ್ಲಿ ಸಲ್ಲಿಸಿದ ಅರ್ಜಿಯ ವಿಚಾರಣೆಯಲ್ಲಿ ಉದ್ಭವಿಸಿದ ಪ್ರಶ್ನೆಗೆ ಉತ್ತರವಾಗಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು, ಖಾಸಗಿತನವು ಸಂವಿಧಾನವು ರಕ್ಷಿಸುವ ಮೂಲಭೂತ ಹಕ್ಕು ಎಂದು ಸರ್ವಾನುಮತದಿಂದ ಸಾರಿತು.

ತರುವಾಯ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ನ್ನು ಅಂಗೀಕರಿಸಿತು. ಇದರ ನಿಯಮಗಳು 2025ರ ನವೆಂಬರಿನಲ್ಲಿ ಅಧಿಸೂಚಿತವಾದವು. ನೋಟೀಸು ಮತ್ತು ಸಮ್ಮತಿಗೆ ಸಂಬಂಧಿಸಿದ ಉಪಬಂಧಗಳು ಅಲ್ಲಿಂದ ಹದಿನೆಂಟು ತಿಂಗಳ ಬಳಿಕ ಜಾರಿಯಾಗುವಂತೆ ಹಂತಗಳನ್ನು ನಿಗದಿಪಡಿಸಲಾಗಿದೆ. ಈ ಅಧಿನಿಯಮದ ಪ್ರಕಾರ ಸಮ್ಮತಿಯು ಮುಕ್ತವೂ ನಿರ್ದಿಷ್ಟವೂ ತಿಳಿವಳಿಕೆಯಿಂದ ಕೂಡಿದ್ದೂ ಆಗಿರಬೇಕು. ಹೇಳಿದ ಉದ್ದೇಶಕ್ಕೆ ಅವಶ್ಯವಾದ ದತ್ತಾಂಶಕ್ಕೆ ಮಾತ್ರ ಅದು ಸೀಮಿತವಾಗಿರಬೇಕು. ದೂರವೈದ್ಯ ಸೇವೆ ನೀಡುವ ಆ್ಯಪ್ ಒಂದು ದೂರವಾಣಿಯಲ್ಲಿರುವ ಸಂಪರ್ಕಗಳ ಪಟ್ಟಿಯನ್ನೂ ಕೇಳಿ, ಬಳಕೆದಾರನು ಒಪ್ಪಿದರೂ, ಆ ಪಟ್ಟಿ ಚಿಕಿತ್ಸೆಗೆ ಅವಶ್ಯವಲ್ಲದ ಕಾರಣ ಸಮ್ಮತಿಯು ಅದಕ್ಕೆ ಅನ್ವಯಿಸದು ಎಂಬ ಉದಾಹರಣೆಯನ್ನು ಅಧಿನಿಯಮವೇ ನೀಡಿದೆ. ಕೊಟ್ಟ ಸಮ್ಮತಿಯನ್ನು, ಕೊಟ್ಟಷ್ಟೇ ಸುಲಭವಾಗಿ, ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳುವ ಹಕ್ಕನ್ನೂ ಅದು ಒಪ್ಪಿದೆ.

ರಾಜ್ಯದ ಹೊರಗಿರುವ ಕನ್ನಡಿಗರು ವಿಶೇಷವಾಗಿ ನೆನಪಿಡಬೇಕಾದ ಅಂಶವೂ ಇದರಲ್ಲಿದೆ. ಸಮ್ಮತಿ ಕೋರುವ ನೋಟೀಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ಒದಗಿಸಬೇಕೆಂದು ಅಧಿನಿಯಮವು ವಿಧಿಸುತ್ತದೆ. ಆ ಅನುಸೂಚಿಯ ಇಪ್ಪತ್ತೆರಡು ಭಾಷೆಗಳಲ್ಲಿ ಕನ್ನಡವೂ ಒಂದು. ಈ ಹಕ್ಕು ವಾಸಸ್ಥಳವನ್ನು ಅವಲಂಬಿಸಿಲ್ಲ. ಹೈದರಾಬಾದಿನಲ್ಲಿರುವ ಕನ್ನಡಿಗನಿಗೂ ಹುಬ್ಬಳ್ಳಿಯಲ್ಲಿರುವವನಿಗೂ ಅದು ಸಮಾನ. ಓದಿ ಅರ್ಥವಾಗದ ಭಾಷೆಯಲ್ಲಿ ಹಾಕಿದ ಒಪ್ಪಿಗೆಯನ್ನು ತಿಳಿವಳಿಕೆಯ ಸಮ್ಮತಿ ಎನ್ನಲಾಗದು ಎಂಬ ವಿವೇಕ ಇದರ ಹಿಂದಿದೆ.

ಆದುದರಿಂದ ಹೊಸ ಯಂತ್ರವನ್ನು ತೆರೆದಾಗ ಮೂಡುವ ಪರದೆಗಳನ್ನು ಅವಸರದಿಂದ ಒಪ್ಪಿ ಮುಂದೆ ಸಾಗದೆ, ಒಂದೊಂದನ್ನೂ ಓದಬೇಕು. ಐಚ್ಛಿಕವಾದುದನ್ನು ಬೇಡವೆನ್ನಬೇಕು, ಸುರಕ್ಷತಾ ಪರಿಷ್ಕರಣೆಯನ್ನು ಎಂದಿಗೂ ನಿಲ್ಲಿಸಬಾರದು. ದೊಡ್ಡ ಪರಿಷ್ಕರಣೆಯ ನಂತರ ಆಯ್ಕೆಗಳು ಇದ್ದಂತೆಯೇ ಇವೆಯೇ ಎಂದು ಮತ್ತೊಮ್ಮೆ ನೋಡಬೇಕು. ಮನೆಯ ಹಿರಿಯರಿಗೆ ಈ ಪರದೆಗಳು ತೊಡಕೆನಿಸಿದರೆ ಕಿರಿಯರು ಜೊತೆಯಲ್ಲಿ ಕುಳಿತು ಕನ್ನಡದಲ್ಲಿ ವಿವರಿಸಬೇಕು. ಊರೂರಿನ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ಒಂದು ಮಧ್ಯಾಹ್ನವನ್ನು ಇದಕ್ಕೆ ಮೀಸಲಿಟ್ಟರೆ ಬಹಳ ಮಂದಿಗೆ ಉಪಕಾರವಾಗುತ್ತದೆ. ಹಣ ಕೊಟ್ಟು ಕೊಂಡ ಯಂತ್ರದಿಂದ ಏನು ಹೊರಗೆ ಹೋಗಬೇಕು, ಏನು ಹೋಗಬಾರದು ಎಂಬುದನ್ನು ನಿರ್ಧರಿಸುವ ಅಧಿಕಾರ ಅದರ ಒಡೆಯನದು. ಆ ಅಧಿಕಾರವು ಕೇಳಿದವರಿಗೆ ಮಾತ್ರ ದೊರೆತಿದೆ ಎಂಬುದನ್ನು ಕಳೆದ ಹತ್ತು ವರ್ಷಗಳ ಅನುಭವ ತೋರಿಸಿಕೊಟ್ಟಿದೆ.